ಫುಮಕ್ಕ ಎತ್ತಿಕೊಟ್ಟ ಹಾಡು

ಜಪಾನಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಆ ಬುಲೆಟ್ ರೈಲಲ್ಲಿ ಕೂತಿದ್ರಾ ಮೇಡಂ?" ಕೂತಿದ್ದೆ. ಕಿಟಕಿಯಾಚೆ ಏನೂ ಕಾಣಿಸಲಿಲ್ಲ, ಅಷ್ಟು ಜೋರು. ನಂಜನಗೂಡಿನಿಂದ ಮೈಸೂರಿಗೆ ಹೋಗುವ ಪ್ಯಾಸೆಂಜರಿನಲ್ಲಿ ಕೂತರೆ ಯಾರ ಗದ್ದೆಯಲ್ಲಿ ನಾಟಿ ಆಗಿದೆ, ಯಾರದು ಇನ್ನೂ ಆಗಿಲ್ಲ ಎಂದಾದರೂ ತಿಳಿಯುತ್ತದೆ. ರೈಲಿನ ಮಾತು ಇಲ್ಲಿಗೆ ಸಾಕು. ನನಗೆ ಹೇಳಬೇಕಾಗಿರುವುದು ಅಲ್ಲಿ ಒಂದು ಸಣ್ಣ ಊರಿನಲ್ಲಿ ಕಳೆದ ಒಂದು ಭಾನುವಾರದ ಸಂಜೆಯನ್ನು. ಅದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಕೇಳದೆಯೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಟಿ. ನರಸೀಪುರದಲ್ಲಿ ರೇಷ್ಮೆ ಪ್ರದರ್ಶಕಿ. ಹಳ್ಳಿ ಹಳ್ಳಿ ಸುತ್ತಿ, ಹುಳು ಸಾಕುವವರ ಮನೆಗೆ ಹೋಗಿ, ಸೊಪ್ಪು ಹೀಗೆ ಕೊಡಿ, ಮನೆ ಹೀಗೆ ಚೊಕ್ಕಟ ಮಾಡಿ ಎಂದು ಬಾಯಿ ಬಡಿದುಕೊಳ್ಳುವ ಕೆಲಸ. ಜಪಾನಿನವರ ರೀತಿಯಲ್ಲಿ ಹುಳು ಸಾಕುವುದನ್ನು ಕಲಿತು ಬನ್ನಿ ಎಂದು ನನ್ನನ್ನೂ ಮಾದೇವಿಯನ್ನೂ ಕಳಿಸಿದರು. ಮಾದೇವಿ ನಮ್ಮ ಆಫೀಸಿನವಳೇ, ನನಗಿಂತ ಚಿಕ್ಕವಳು, ಸೋಸಲೆ ಪಕ್ಕದ ಹಳ್ಳಿಯವಳು. ನಾನು ನಂಜನಗೂಡು ಪೇಟೆಯಲ್ಲಿ ಬೆಳೆದವಳು. ಅವಳು ಹುಳುವಿನ ತಟ್ಟೆಗಳ ನಡುವೆಯೇ ಹುಟ್ಟಿದವಳು. ಅವಳ ತಾಯಿ ಆಗಲೂ ಮನೆಯಲ್ಲಿ ಹುಳು ಮೇಯಿಸುತ್ತಿದ್ದರು.

ವಸತಿಗೃಹ

ನಾಗಾನೋ ಕಡೆಯ ಬೆಟ್ಟಗಳ ನಡುವಿನ ಊರು. ಒಂದು ಕಾಲಕ್ಕೆ ಊರೆಲ್ಲ ರೇಷ್ಮೆಯದೇ ಅಂತೆ, ನಾವು ಹೋದಾಗ ಹಿಪ್ಪುನೇರಳೆ ತೋಟ ಅಲ್ಲೊಂದು ಇಲ್ಲೊಂದು ಉಳಿದಿತ್ತು. ನಮ್ಮನ್ನು ಇಳಿಸಿದ್ದು ತರಬೇತಿ ಕೇಂದ್ರದ ವಸತಿಗೃಹದಲ್ಲಿ. ಅದರ ಉಸ್ತುವಾರಿ, ಅಡುಗೆ, ಬೀಗದ ಕೈ, ಬೈಗುಳ ಎಲ್ಲವೂ ಫುಮಿಕೋ ಸಾನ್ ಅವರದು. ಸಾನ್ ಎಂದರೆ ನಮ್ಮ ಹಳ್ಳಿಯವರು 'ಸಾ' ಅನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಮರ್ಯಾದೆ. ಅರವತ್ತು ದಾಟಿದ ಹೆಂಗಸು. ಬೆನ್ನು ಮಾತ್ರ ಬಿದಿರ ಗಳು ನೆಟ್ಟ ಹಾಗೆ. ನಗು ಎನ್ನುವುದನ್ನು ಎಲ್ಲೋ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು.

ಅವರ ಬಾಯಿಗೆ ನಾವು ಮೊದಲು ಸಿಕ್ಕಿದ್ದು ಸೀರೆಯಿಂದ. ಬಂದ ಮರುದಿನ ಸೀರೆ ಒಗೆದು ಎಲ್ಲಿ ಒಣಗಿಸುವುದು ಎಂದು ಯೋಚಿಸಿದೆವು. ಮಹಡಿಯ ಕಂಬಿಯ ಮೇಲಿಂದ ಇಳಿಬಿಟ್ಟೆವು. ನಮ್ಮಲ್ಲಿ ಇದಕ್ಕೆ ಯಾರ ಅಪ್ಪಣೆ ಬೇಕು? ನಾಲ್ಕು ಸೀರೆ ಸಾಲಾಗಿ ಕೆಳಗಿಳಿದು ಫುಮಿಕೋ ಸಾನ್ ಅವರ ಅಡುಗೆಮನೆಯ ಕಿಟಕಿಯನ್ನು ಪೂರ್ತಿ ಮುಚ್ಚಿಬಿಟ್ಟವು. ಒಳಗೆ ಕತ್ತಲೆ. ಅವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಜಪಾನಿ ಭಾಷೆಯಲ್ಲಿ ಬೈಗುಳವೇ ಇಲ್ಲ ಎಂದು ನಮಗೆ ಯಾರೋ ಹೇಳಿದ್ದರು. ಸುಳ್ಳು. ನಾವು ಚೆನ್ನಾಗಿಯೇ ಬೈಸಿಕೊಂಡೆವು.

ಆಮೇಲೆ ಮಾದೇವಿಯ ರಂಗೋಲಿ. ಬೆಳಗ್ಗೆ ಎದ್ದು ಬಾಗಿಲಲ್ಲಿ ಅಕ್ಕಿಹಿಟ್ಟಿನಲ್ಲಿ ಎರಡು ಎಳೆ ಎಳೆಯದಿದ್ದರೆ ಅವಳಿಗೆ ದಿನ ಶುರುವಾಗುತ್ತಿರಲಿಲ್ಲ. ಫುಮಿಕೋ ಸಾನ್ ಗುಡಿಸಿ ಹಾಕುತ್ತಿದ್ದರು. ಇವಳು ಮತ್ತೆ ಎಳೆಯುತ್ತಿದ್ದಳು. ಅವರು ಮತ್ತೆ ಗುಡಿಸುತ್ತಿದ್ದರು. ಒಂದು ದಿನ ನೋಡುತ್ತೇನೆ, ಪೊರಕೆ ಹಿಡಿದ ಫುಮಿಕೋ ಸಾನ್ ರಂಗೋಲಿಯ ಸುತ್ತ ಮಾತ್ರ ಗುಡಿಸಿ, ಎಳೆ ತುಳಿಯದ ಹಾಗೆ ದಾಟಿಕೊಂಡು ಹೋದರು. ಅವತ್ತಿನಿಂದ ಮಾದೇವಿಯ ಬಾಯಲ್ಲಿ ಅವರು ಫುಮಕ್ಕ.

"ನೋಡಕ್ಕ, ಫುಮಕ್ಕ ಬೋ ಒಳ್ಳೇರು. ನಮ್ಮವ್ವನೂ ಇಂಗೇಯ. ಉಳದ್ ಮನೇಗೆ ಕಾಲ್ ತೊಳೀದೆ ಬಂದ್ರೆ ಯಾರಾದ್ರೂ ಆಗ್ಲಿ, ತಟ್ಟೆ ತಕ್ಕಂಡ್ ಬಡೀತದೆ."

ಅವರಿಬ್ಬರ ನಡುವೆ ಮಾತು ಹೇಗೆ ನಡೆಯುತ್ತಿತ್ತೋ ದೇವರಿಗೇ ಗೊತ್ತು. ಇವಳು ಕನ್ನಡದಲ್ಲಿ ಹೇಳುವಳು, ಅವರು ಜಪಾನಿಯಲ್ಲಿ ಹೂಂಗುಟ್ಟುವರು. ನನಗೆ ಮಾತ್ರ ಏನು ಬೇಕಿದ್ದರೂ ಓನೋ ಸಾನ್ ಬೇಕು. ಅವರು ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದವರು, ನಮಗೆ ದುಭಾಷಿ. ಒಂದೊಂದು ಇಂಗ್ಲಿಷ್ ಪದವನ್ನೂ ಒರೆಸಿ, ನೋಡಿ, ಆಮೇಲೆ ಕೊಡುತ್ತಿದ್ದರು.

ಫೋನು ಬಂದ ದಿನ

ಒಂದು ಬೆಳಗ್ಗೆ ಫುಮಿಕೋ ಸಾನ್ ಮಹಡಿಗೆ ಓಡಿ ಬಂದರು. ಅವರು ಓಡಿದ್ದನ್ನು ನೋಡಿದ್ದು ಅದೇ ಮೊದಲು. ಕಿವಿಗೆ ಕೈ ಇಟ್ಟು ಫೋನು ಎಂದು ತೋರಿಸಿ ಮಾದೇವಿಯ ಕಡೆಗೆ ಬೆರಳು ಮಾಡಿದರು. ಅವಳ ಅಣ್ಣ ಟಿ. ನರಸೀಪುರದ ಎಸ್‌ಟಿಡಿ ಬೂತಿನಿಂದ ಮಾಡಿದ್ದ. ಲೈನು ಸಿಗದೆ ಒದ್ದಾಡಿದ್ದನಂತೆ. ಮಾದೇವಿ ರಿಸೀವರ್ ಹಿಡಿದು "ಊಂ, ಊಂ" ಎಂದಳು. ಆಮೇಲೆ ಇಟ್ಟುಬಿಟ್ಟಳು.

"ಏನೇ?" ಎಂದೆ.

"ಅವ್ವ ಓಯ್ತಂತೆ ಕಣಕ್ಕ. ಮಣ್ಣೂ ಮಾಡಾಯ್ತಂತೆ."

ಅಷ್ಟೇ. ಕಣ್ಣಲ್ಲಿ ಒಂದು ಹನಿ ಇಲ್ಲ. ಕೇಂದ್ರದವರು ಬಂದರು, ತಲೆ ಬಾಗಿಸಿದರು. ಟಿಕೆಟ್ ಬದಲಾಯಿಸಿ ಊರಿಗೆ ಕಳಿಸುತ್ತೇವೆ, ಆದರೆ ಸ್ವಲ್ಪ ದಿನ ಹಿಡಿಯುತ್ತದೆ ಎಂದರು. ಮಾದೇವಿ ಬೇಡವೆಂದಳು. "ನಾನ್ ಓಗಾದ್ರೊಳ್ಗೆ ತಿಥೀನೂ ಆಗೋಗಿರ್ತದೆ. ಎಲ್ಲಾರ್ ಅಳಾನೂ ಮುಗ್ದಿರ್ತದೆ. ಇನ್ ಯಾರ್ ಜೊತೆ ಅಳಾಕೆ ಓಗ್ಲಿ?"

ಈ ಮಾತು ನಿಮಗೆ ಅರ್ಥವಾಗಬೇಕಾದರೆ ಅವಳ ಕೇರಿಯ ಪದ್ಧತಿ ಹೇಳಬೇಕು. ಅಲ್ಲಿ ಸಾವಾದರೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರು ಏನು ಮಾಡುತ್ತಿದ್ದರು, ಏನು ತಿನ್ನುತ್ತಿದ್ದರು, ಯಾರನ್ನು ಹೇಗೆ ಕರೆಯುತ್ತಿದ್ದರು ಎಲ್ಲವೂ ಅದರಲ್ಲಿ ಬರುತ್ತದೆ. ಆದರೆ ಮನೆಯವರು ತಾವಾಗಿ ಶುರು ಮಾಡುವುದಿಲ್ಲ. ಹೊರಗಿನ ಒಬ್ಬ ಹೆಂಗಸು ಬಂದು ಮೊದಲ ಸೊಲ್ಲು ಎತ್ತಿಕೊಡಬೇಕು. ಆಮೇಲೆ ಮನೆಯವಳು ಅವಳ ಕೊರಳು ತಬ್ಬಿ ಹಿಡಿದುಕೊಂಡು ಮುಂದಿನದನ್ನು ತೆಗೆದುಕೊಳ್ಳಬೇಕು. ತನ್ನ ಮನೆ ಸಾವಿಗೆ ತಾನೇ ಎತ್ತುವುದು ಅವರಲ್ಲಿ ಇಲ್ಲವೇ ಇಲ್ಲ. ತಮಾಷೆಯೆಂದರೆ ಕೇರಿಯಲ್ಲಿ ಯಾರೇ ಹೋದರೂ ಎತ್ತಿಕೊಡಲು ಕರೆಯುತ್ತಿದ್ದದ್ದು ಮಾದೇವಿಯನ್ನೇ. ಆಫೀಸಿಗೆ ರಜಾ ಹಾಕಿ ಹೋಗುತ್ತಿದ್ದಳು. ಈಗ ಅವಳ ಸರದಿ ಬಂದಾಗ ಎತ್ತಿಕೊಡುವವರು ಸಮುದ್ರದಾಚೆ ಉಳಿದರು.

ನಾನು ಪ್ರಯತ್ನ ಪಟ್ಟೆ. ಸುಳ್ಳು ಯಾಕೆ ಹೇಳಲಿ, ನಮ್ಮ ಮನೆಯಲ್ಲಿ ಗಟ್ಟಿಯಾಗಿ ಅತ್ತರೆ ಅಕ್ಕಪಕ್ಕದವರು ಕೇಳುತ್ತಾರೆ ಎಂದು ಗದರುತ್ತಿದ್ದರು. ನನಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಆದರೂ ಅವಳ ಪಕ್ಕ ಕೂತು, ಹೆಗಲ ಮೇಲೆ ಕೈ ಹಾಕಿ, "ನಿಮ್ಮ ತಾಯಿಯವರು ನಿಮ್ಮನ್ನೆಲ್ಲ ಬಿಟ್ಟು ಹೊರಟುಹೋದರಲ್ಲಾ" ಎಂದು ರಾಗವಾಗಿ ಶುರು ಮಾಡಿದೆ.

ಮಾದೇವಿ ಒಂದು ಸಾಲು ಕೇಳಿದಳು. "ಬುಡಕ್ಕ. ರೇಡಿಯೋದಲ್ಲಿ ವಾರ್ತೆ ಓದ್ದಂಗದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಅವತ್ತಿನಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, "ಇಲ್ಲೇ ಕಟ್ಕಂಡದೆ ಕಣಕ್ಕ" ಎನ್ನುವಳು. ತರಗತಿಗೆ ಬರುವಳು, ಹುಳುವಿಗೆ ಸೊಪ್ಪು ಹಾಕುವಳು, ಬಂದು ಕೂರುವಳು. ರಂಗೋಲಿ ನಿಂತಿತು. ಫುಮಿಕೋ ಸಾನ್ ಏನೇನೋ ಮಾಡಿ ಮುಂದಿಟ್ಟರು. ಮೆಣಸಿನಕಾಯಿ ಎಲ್ಲಿಂದ ಹುಡುಕಿ ತಂದರೋ, ಒಂದು ದಿನ ಸಾರಿನಂಥದ್ದೂ ಆಯಿತು. ಮಾದೇವಿ ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಹಾಗೇ ವಾಪಸು ಕೊಟ್ಟಳು. ಇವಳನ್ನು ಜೀವಸಹಿತ ಟಿ. ನರಸೀಪುರಕ್ಕೆ ಮುಟ್ಟಿಸುತ್ತೇನೋ ಇಲ್ಲವೋ ಎಂದು ನನಗೆ ದಿಗಿಲು ಹತ್ತಿತು.

ಬೆಟ್ಟದ ಗುಡಿ

ಮಾದೇವಿಯ ಮನೆಯಲ್ಲಿ ಮಾದಪ್ಪನ ಪಟದ ಪಕ್ಕದಲ್ಲೇ ಬುದ್ಧನ ಪಟ ಇದೆ. ಅವಳ ಅಣ್ಣ ತಂದು ಹಾಕಿದ್ದು. ಆ ನೆಪದಲ್ಲಿ ಓನೋ ಸಾನ್ ನಮ್ಮನ್ನು ಊರ ಮೇಲಿನ ಬುದ್ಧನ ಗುಡಿಗೆ ಕರೆದುಕೊಂಡು ಹೋದರು. ಎಂಥ ಚೊಕ್ಕಟ! ನಮ್ಮ ನಂಜನಗೂಡಿನ ಗುಡಿಯ ಗದ್ದಲದಲ್ಲಿ ಬೆಳೆದವಳಿಗೆ ಅಲ್ಲಿ ಕೆಮ್ಮುವುದಕ್ಕೂ ನಾಚಿಕೆಯಾಯಿತು. ಅಲ್ಲಿನ ಸನ್ಯಾಸಿಯೊಬ್ಬರು ಊದುಬತ್ತಿ ಹಚ್ಚಿ, ಗಂಟೆ ಬಾರಿಸಿ, ನಮ್ಮ ಎದುರಿಗೆ ಕೂತರು. ತುಂಬ ಹೊತ್ತು ಸುಮ್ಮನೆ ಕೂತರು. ಒಳ್ಳೆಯ ಮುಖದ ಮನುಷ್ಯ, ನಮ್ಮ ದುಃಖಕ್ಕೆ ಮರ್ಯಾದೆ ಕೊಡುತ್ತಿದ್ದರು. ನನಗೂ ಕಣ್ಣು ಮಂಜಾಯಿತು.

ಇಳಿಯುವಾಗ ಮಾದೇವಿ ಹೇಳಿದಳು. "ಚೆಂದಾಗದೆ ಕಣಕ್ಕ. ಆದ್ರೆ ಎಲ್ಲಾರೂ ಸುಮ್ಕಿದ್ ಸುಮ್ಕಿದ್ ಎದೇಲಿರೋದು ಇನ್ನೂ ಗಟ್ಟಿ ಆಯ್ತಾ ಅದೆ."

ದಾರಿಯಲ್ಲಿ ಓನೋ ಸಾನ್ ಹಿಂಜರಿಯುತ್ತ ಒಂದು ಸುದ್ದಿ ಹೇಳಿದರು. ಭಾನುವಾರ ಸಂಜೆ ಊರಿನ ಕ್ಲಬ್ಬಿನಲ್ಲಿ ಫುಮಿಕೋ ಅವರ ಹಾಡುಗಾರಿಕೆ ಇದೆಯಂತೆ, ನಾವು ಬರಬೇಕು ಎಂದು ಅವರ ಆಸೆಯಂತೆ.

"ಯಾವ ಫುಮಿಕೋ?" ಎಂದೆ.

"ನಮ್ಮ ಫುಮಿಕೋ. ಬ್ಲೂಸ್ ಹಾಡುತ್ತಾರೆ."

ಬ್ಲೂಸ್ ಎಂದರೇನೆಂದು ಕೇಳಿದೆ. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು, ಮನಸ್ಸು ಭಾರವಾದಾಗ ಹಾಡುವುದು ಎಂದರು. ನನಗೆ ರೇಗಿತು. ಅಮೆರಿಕದ ಹತ್ತಿ ಹೊಲಕ್ಕೂ ಜಪಾನಿನ ಈ ಅಡುಗೆಯವರಿಗೂ ಏನು ಸಂಬಂಧ? ಅದೂ ಇರಲಿ, ತಾಯಿ ಸತ್ತ ಸೂತಕದವಳನ್ನು ಸಂಗೀತ ಕೇಳಲು ಕರೆಯುತ್ತಾರೆಯೇ? ಊರಲ್ಲಾಗಿದ್ದರೆ ಕರೆದವರ ಮುಖ ನೋಡುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡೆ.

ಮಾದೇವಿಯೇ ತಡೆದಳು. "ಓಗವ ಕಣಕ್ಕ. ದಿನಾ ಅನ್ನ ಇಕ್ಕೋರು ಕರ್ದವ್ರೆ. ಆ ಅನ್ನಾನೂ ಉಣ್ನಿಲ್ಲ ನಾನು, ಕರ್ದ ಕಡೀಕೂ ಓಗ್ದಿದ್ರೆ ಏನಂದ್ಕಂಡಾರು?"

ಸೈಕಲ್ ಅಂಗಡಿಯ ಕೆಳಗೆ

ಕ್ಲಬ್ ಎಂದರೆ ನಾನು ಏನೇನೋ ಊಹಿಸಿಕೊಂಡಿದ್ದೆ. ಸೈಕಲ್ ರಿಪೇರಿ ಅಂಗಡಿಯ ಪಕ್ಕದಿಂದ ಕಡಿದಾದ ಮೆಟ್ಟಿಲು ಇಳಿದರೆ ಒಂದು ನೆಲಮಾಳಿಗೆ. ನಮ್ಮ ಟಿ. ನರಸೀಪುರ ಬಸ್‌ಸ್ಟ್ಯಾಂಡಿನ ಹೋಟೆಲಿನಷ್ಟೂ ಇರಲಿಲ್ಲ. ಸಿಗರೇಟಿನ ಹೊಗೆ, ಮೋಟು ಕುರ್ಚಿಗಳು, ಗೋಡೆಯ ತುಂಬ ಹಳೆಯ ರೆಕಾರ್ಡುಗಳ ಹೊದಿಕೆ. ಡ್ರಮ್ಮಿನ ಹಿಂದೆ ಕೂತವನು ಮೇಲಿನ ಸೈಕಲ್ ಅಂಗಡಿಯ ಯಜಮಾನ. ಗಿಟಾರು ಹಿಡಿದವನು ನಮಗೆ ದಿನಾ ಎದುರಾಗುವ ಪೋಸ್ಟ್‌ಮ್ಯಾನು. ಊರವರೇ ಎಲ್ಲ. ಸೀರೆಯುಟ್ಟ ಇಬ್ಬರು ಹೆಂಗಸರು ಇಳಿದು ಬಂದದ್ದನ್ನು ನೋಡಿ ಎದ್ದು ನಿಂತು ಜಾಗ ಬಿಟ್ಟುಕೊಟ್ಟರು. ನಮಗೆ ಕಿತ್ತಳೆ ಹಣ್ಣಿನ ರಸ ಬಂತು.

ಆಮೇಲೆ ಫುಮಿಕೋ ಸಾನ್ ಬಂದರು. ಅಯ್ಯಯ್ಯಪ್ಪ! ದಿನಾ ಬಿಗಿಯಾಗಿ ಕಟ್ಟಿರುತ್ತಿದ್ದ ತಲೆಕೂದಲು ಬೆನ್ನ ಮೇಲೆ ಬಿದ್ದಿತ್ತು. ಕಪ್ಪು ಲಂಗ, ತುಟಿಗೆ ಕೆಂಪು ಬಣ್ಣ. ಸೌಟು ಹಿಡಿಯುವ ಕೈಯಲ್ಲಿ ಮೈಕು. ನಮ್ಮ ಕಡೆ ನೋಡಿ ಒಂದಿಷ್ಟೇ ತಲೆ ಬಾಗಿಸಿದರು, ಅದೇ ಗಳು ನೆಟ್ಟ ಬೆನ್ನು. ಬಾಯಿ ತೆರೆದರು ನೋಡಿ, ಆ ಸಣಕಲು ಮೈಯೊಳಗೆ ಅಂಥ ದಪ್ಪ ದನಿ ಎಲ್ಲಿತ್ತು? ಗಂಟಲಲ್ಲಿ ಮರಳು ಸಿಕ್ಕಿಕೊಂಡ ಹಾಗೆ ಒರಟು, ಆದರೆ ಎದೆಗೆ ನೇರವಾಗಿ ಬರುವಂಥದ್ದು. ಮೊದಲೆರಡು ಹಾಡು ಇಂಗ್ಲಿಷಿನವು. ಆ ಉಚ್ಚಾರದಲ್ಲಿ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಕಾಲು ತಾನಾಗಿ ತಾಳ ಹಾಕುತ್ತಿತ್ತು. ಸೂತಕ ಎಂದು ಬೈದುಕೊಂಡು ಬಂದವಳು ನಾನೇ.

ಅಲ್ಲಿನ ಜನ ಹಾಡು ಕೇಳುವುದನ್ನು ನೋಡಬೇಕು. ನಮ್ಮೂರ ನಾಟಕಗಳಲ್ಲಿ ಕಳ್ಳೆಕಾಯಿ ಸುಲಿಯುವವರು, ಒನ್ಸ್‌ಮೋರ್ ಕೂಗುವವರು, ಮಗುವಿಗೆ ಹೊಡೆಯುವವರು ಎಲ್ಲ ಇರಬೇಕು. ಇಲ್ಲಿ ಕಣ್ಣು ಮುಚ್ಚಿ ಕೂತರೆ ಹಾಡು ಮುಗಿಯುವ ತನಕ ಲೋಟವನ್ನೂ ಸದ್ದಾಗದಂತೆ ಇಡುತ್ತಾರೆ. ಮುಗಿದ ಮೇಲೆ ಹಿತವಾಗಿ ಚಪ್ಪಾಳೆ.

ಮೂರನೆಯ ಹಾಡಿಗೆ ಗಿಟಾರು ನಿಧಾನವಾಯಿತು. ಫುಮಿಕೋ ಸಾನ್ ಜಪಾನಿಯಲ್ಲೇ ಹಾಡತೊಡಗಿದರು. ಒಂದು ಸಾಲು ಹೇಳಿ ನಿಲ್ಲಿಸುವರು, ಗಿಟಾರು ಹೂಂ ಎನ್ನುವುದು. ಅದೇ ಸಾಲನ್ನು ಮತ್ತೊಮ್ಮೆ ಹೇಳುವರು. ಮೂರನೆಯದು ಬೇರೆ ಮಾತು, ಅಲ್ಲಿಗೆ ದನಿ ಇಳಿಯುವುದು. ಓನೋ ಸಾನ್ ನನ್ನ ಕಿವಿಯಲ್ಲಿ, ಇದು ತಾಯಿಯ ಹಾಡು, ಫುಮಿಕೋ ತಾವೇ ಕಟ್ಟಿದ್ದು ಎಂದರು. ನಾನು ಮಾದೇವಿಗೆ, "ಅವ್ವನ ಮೇಲಿನ ಹಾಡಂತೆ ಕಣೇ" ಎಂದೆ.

ಮಾದೇವಿ ನನ್ನ ಮೊಣಕೈ ಹಿಡಿದುಕೊಂಡಳು.

"ಅಕ್ಕಾ, ಎತ್ತಿಕೊಡ್ತಾವ್ರೆ. ಫುಮಕ್ಕ ಎತ್ತಿಕೊಡ್ತಾವ್ರೆ. ಅದ್ಕೇ ಕರ್ಸವ್ರೆ ನನ್ನ!"

ನಾನು ಏನು ಹೇಳುವುದಕ್ಕೂ ಮೊದಲೇ ಎದ್ದಳು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಫುಮಿಕೋ ಸಾನ್ ಅವರ ಕಾಲ ಬುಡದಲ್ಲಿ ನೆಲದ ಮೇಲೆ ಕೂತಳು. ಮೂರನೆಯ ಸಾಲು ಇಳಿಯುತ್ತಿದ್ದ ಹಾಗೆಯೇ ಅದೇ ಎಳೆಯಲ್ಲಿ ದನಿ ತೆಗೆದಳು.

"ಸೊಪ್ಪು ತರ್ತೀನಿ ಅಂತ ಓದ್ಯಲ್ಲವ್ವಾ, ಮಂಕ್ರಿ ಎಲ್ಲಿಟ್ಯವ್ವಾ...

ಸೊಪ್ಪು ತರ್ತೀನಿ ಅಂತ ಓದ್ಯಲ್ಲವ್ವಾ, ಮಂಕ್ರಿ ಎಲ್ಲಿಟ್ಯವ್ವಾ...

ಉಳ ಎಲ್ಲಾ ತಲೆ ಎತ್ಕಂಡು ನಿನ್ ದಾರಿ ನೋಡ್ತಾವಲ್ಲವ್ವಾ..."

ಅಷ್ಟು ದಿನ ಕಟ್ಟಿಕೊಂಡಿದ್ದದ್ದು ಒಡೆಯಿತು. ಎದೆ ಎದೆ ಬಡಿದುಕೊಂಡು ಅತ್ತಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಅದೇ ಹೊತ್ತಿಗೆ ಅಬ್ಬ, ಅತ್ತಳಲ್ಲ ಎಂದೂ ಅನ್ನಿಸಿತು. ಕೂತಿದ್ದವರು ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದುಕೊಂಡರು. ಪಾಪ, ಅವರ ತಪ್ಪೇನು? ಯಾರೋ ಚಪ್ಪಾಳೆ ಶುರು ಮಾಡಿದರು. ನನ್ನ ತಾಳ್ಮೆ ಹೋಯಿತು. ಎದ್ದು ನಿಂತು ಅಚ್ಚ ಕನ್ನಡದಲ್ಲಿ, "ಚಪ್ಪಾಳೆ ತಟ್ಟಬೇಡ್ರೀ! ಅವರವ್ವ ಸತ್ತಿದ್ದಾರೆ!" ಎಂದು ಕಿರುಚಿದೆ. ಏನು ಅರ್ಥವಾಯಿತೋ, ಕೈಗಳು ಅಲ್ಲಲ್ಲೇ ನಿಂತವು. ಓನೋ ಸಾನ್ ತಗ್ಗಿದ ದನಿಯಲ್ಲಿ ಎಲ್ಲರಿಗೂ ವಿಷಯ ಹೇಳಿದರು.

ಪೋಸ್ಟ್‌ಮ್ಯಾನು ನಿಲ್ಲಿಸಲೇ ಎಂಬಂತೆ ಫುಮಿಕೋ ಸಾನ್ ಕಡೆ ನೋಡಿದ. ಅವರು ಬೇಡವೆಂದು ತಲೆಯಾಡಿಸಿದರು. ಮೈಕನ್ನು ಕುರ್ಚಿಯ ಮೇಲಿಟ್ಟು, ಲಂಗ ಮಡಿಚಿಕೊಂಡು, ಮಾದೇವಿಯ ಎದುರು ನೆಲದ ಮೇಲೆ ಕೂತರು. ಮೈಕಿಲ್ಲದೆಯೇ ತಮ್ಮ ಸಾಲನ್ನು ಮತ್ತೆ ಹಾಡಿದರು. ಇವಳು ಅವರ ಕೊರಳು ಹಿಡಿದುಕೊಂಡು ತನ್ನದನ್ನು ಹೇಳಿದಳು. ಗಿಟಾರು ಇಬ್ಬರಿಗೂ ಹೂಂಗುಟ್ಟುತ್ತಿತ್ತು. ಎಷ್ಟು ಹೊತ್ತೋ ನಾನು ನೋಡಲಿಲ್ಲ. ಡ್ರಮ್ಮಿನವನು ಮೂಗು ಒರೆಸಿಕೊಳ್ಳುತ್ತಿದ್ದ. ಯಾರೂ ಮನೆಗೆ ಹೋಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಡುಗೆಮನೆ

ನಾಲ್ವರೂ ವಾಪಸು ಬಂದಾಗ ಇನ್ನೂ ಊಟದ ಹೊತ್ತೇ. ಮಾದೇವಿಯ ಮುಖ ಊದಿ ಕೆಂಪಾಗಿತ್ತು. ಚಪ್ಪಲಿ ಬಿಡುತ್ತಿದ್ದ ಹಾಗೇ, "ಅಕ್ಕಾ, ಒಟ್ಟೆ ಅಸೀತದೆ" ಎಂದಳು. ಆ ಮಾತು ಕೇಳಿ ನನಗೆ ಕುಣಿಯಬೇಕೆನ್ನಿಸಿತು. ಓನೋ ಸಾನ್ ಹೇಳುವ ಮೊದಲೇ ಫುಮಿಕೋ ಸಾನ್ ತುಟಿಬಣ್ಣವನ್ನೂ ಒರೆಸದೆ ಏಪ್ರನ್ ಕಟ್ಟಿಕೊಂಡು ಒಲೆ ಹಚ್ಚಿದರು. ಬಿಸಿ ಅನ್ನ, ಉಪ್ಪು ಹಾಕಿ ನೆನೆಸಿದ ಹುಳಿ ಹಣ್ಣಿನ ಉಪ್ಪಿನಕಾಯಿ. ಮಾದೇವಿ ಕೈಯಿಂದಲೇ ಕಲೆಸಿಕೊಂಡು ಉಂಡಳು.

ನಾನು ಓನೋ ಸಾನ್‌ಗೆ ಹೇಳಿದೆ. "ಇವಳ ತಾಯಿಗೋಸ್ಕರ ಫುಮಿಕೋ ಸಾನ್ ಹಾಡಿದರಲ್ಲ, ಅವರ ಋಣ ನಾವು ಮರೆಯುವುದಿಲ್ಲ ಅಂತ ತಿಳಿಸಿ."

ಓನೋ ಸಾನ್ ತಬ್ಬಿಬ್ಬಾದರು. ಆದರೂ ತಿಳಿಸಿದರು. ಫುಮಿಕೋ ಸಾನ್ ಸೌಟು ಹಿಡಿದುಕೊಂಡು ಒಲೆಯ ಕಡೆ ನೋಡುತ್ತಲೇ ನಿಧಾನವಾಗಿ ಮಾತಾಡಿದರು, ಓನೋ ಸಾನ್ ಒಂದೊಂದೇ ಪದ ಒರೆಸಿ ನಮಗೆ ಕೊಟ್ಟರು. ಅದು ಮಾದೇವಿಯ ತಾಯಿಗಾಗಿ ಹಾಡಿದ್ದಲ್ಲವಂತೆ. ತಮ್ಮ ತಾಯಿಯ ಮೇಲಿನದಂತೆ. ಆಕೆ ಇದೇ ಊರಿನ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಕುದಿಯುವ ನೀರಿನಿಂದ ಗೂಡು ಎತ್ತುತ್ತಿದ್ದವರು. ಅವರು ಹೋದಾಗ ಫುಮಿಕೋ ಸಾನ್ ದೂರದ ಪಟ್ಟಣದಲ್ಲಿದ್ದರು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವರು ತಲೆ ಬಾಗಿಸಿದರು, ಇವರೂ ಬಾಗಿಸಿದರು. ಅಳಲಿಲ್ಲ. ಆಮೇಲೆ ಈ ಹಾಡು ಕಟ್ಟಿಕೊಂಡರು.

"ಎಷ್ಟೋ ವರ್ಷದಿಂದ ಹಾಡುತ್ತಿದ್ದೇನೆ ಅನ್ನುತ್ತಾರೆ," ಎಂದರು ಓನೋ ಸಾನ್. "ಜನ ಚಪ್ಪಾಳೆ ತಟ್ಟುತ್ತಾರೆ. ನಾನು ವಂದಿಸುತ್ತೇನೆ. ಮನೆಗೆ ಹೋಗುತ್ತೇನೆ. ಅಷ್ಟೇ ಅನ್ನುತ್ತಾರೆ."

ನಾನು ಮಾದೇವಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವಳ ತುತ್ತು ಕೈಯಲ್ಲೇ ನಿಂತಿತು.

"ಅಯ್ಯಯ್ಯೋ ಅಕ್ಕಾ! ಅವ್ರವ್ವನ್ ಪಾಲ್ದೂ ನಾನೇ ಅತ್ಬುಟ್ನಾ?"

ಎದ್ದು ಕೈ ತೊಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಾವಿನ ಮನೆಗೆ ಹೋದಾಗ ಹೊಸಿಲ ಮೇಲೆ ನಿಂತು ಸತ್ತವರ ವಿಷಯ ವಿಚಾರಿಸಿಕೊಳ್ಳುವ ದನಿಯಲ್ಲಿ ಕೇಳತೊಡಗಿದಳು.

"ಕೇಳಕ್ಕ, ಅವ್ರವ್ವನ್ ಎಸ್ರೇನಂತೆ?"

"ಕಿಯೋ" ಎಂದರು ಫುಮಿಕೋ ಸಾನ್, ಓನೋ ಸಾನ್ ಮೂಲಕ.

"ಮಗ್ಳಿಗೆ ಏನಂತ ಕರೀತಿತ್ತಂತೆ?"

"ಫುಮಿ."

"ಕೆಲ್ಸದಿಂದ ಬರೋವಾಗ ಏನಾರಾ ತರ್ತಿತ್ತಾ?"

ಫುಮಿಕೋ ಸಾನ್ ತಮ್ಮ ತೋಳನ್ನು ಮುಟ್ಟಿ ತೋರಿಸಿ ಏನೋ ಹೇಳಿದರು. ಸುಟ್ಟ ಗೆಣಸನ್ನು ಅಂಗಿಯ ತೋಳೊಳಗೆ ಬಚ್ಚಿಟ್ಟುಕೊಂಡು ತರುತ್ತಿದ್ದರಂತೆ, ಮನೆ ಮುಟ್ಟುವಾಗಲೂ ಬೆಚ್ಚಗಿರುತ್ತಿತ್ತಂತೆ.

ಮಾದೇವಿಗೆ ಅಷ್ಟು ಸಾಕಾಯಿತು. ಫುಮಿಕೋ ಸಾನ್ ಕೈಯಿಂದ ಸೌಟು ತೆಗೆದು ಪಕ್ಕಕ್ಕಿಟ್ಟಳು. ಅವರನ್ನು ಹಿಡಿದು ನೆಲದ ಮೇಲೆ ಕೂರಿಸಿ, ತಾನೂ ಮಂಡಿಗೆ ಮಂಡಿ ತಾಗುವಂತೆ ಕೂತು ಎತ್ತಿಕೊಟ್ಟಳು.

"ತೋಳೊಳ್ಗೆ ಗೆಣಸಿಟ್ಕಂಡು ಬರ್ತೀನಂದ್ಯಲ್ಲಾ ಕಿಯೋವ್ವಾ...

ತೋಳೊಳ್ಗೆ ಗೆಣಸಿಟ್ಕಂಡು ಬರ್ತೀನಂದ್ಯಲ್ಲಾ ಕಿಯೋವ್ವಾ...

ನಿನ್ ಫುಮಿ ಬಾಕ್ಲಲ್ಲೇ ಕುಂತವ್ಳೆ, ಯಾವ್ ದಾರೀಲಿ ಓದ್ಯವ್ವಾ..."

ಓನೋ ಸಾನ್ ಅನುವಾದ ಬೇಕೇ ಎಂದು ನನ್ನ ಮುಖ ನೋಡಿದರು. ಬೇಡವೆಂದೆ. ಫುಮಿಕೋ ಸಾನ್ ಅವರಿಗೆ ತಿಳಿಯಬಹುದಾಗಿದ್ದದ್ದು ಆ ಎರಡು ಹೆಸರುಗಳು ಮಾತ್ರ. ಮೊದಲ ಸಲ ತಾಯಿಯ ಹೆಸರು ಬಂದಾಗ ಫುಮಿಕೋ ಸಾನ್ ನೆಟ್ಟಗೆ ಕೂತೇ ಇದ್ದರು, ಕೈ ತೊಡೆಯ ಮೇಲೆ. ಎರಡನೆಯ ಸಲಕ್ಕೆ ಗಲ್ಲ ಅದುರಿತು. ಮೂರನೆಯ ಸಾಲಿನಲ್ಲಿ ತಮ್ಮ ಹೆಸರು ಬಂದದ್ದೇ ತಡ, ಆ ಬೆನ್ನು ಬಾಗಿತು. ಮಾದೇವಿಯ ಮಡಿಲಲ್ಲಿ ಮುಖ ಇಟ್ಟರು. ಅಷ್ಟು ವರ್ಷದಿಂದ ತಾಯಿಯ ಮೇಲೆ ಹಾಡುತ್ತಲೇ ಬಂದಿದ್ದವರು ಅವತ್ತು ಅತ್ತರು.